ಟರ್ಮಿನಲ್‌ನಿಂದ ಸಾಫ್ಟ್‌ವೇರ್ ಹಾಕುವುದು, ತೆಗೆಯುವುದು: ಉಬುಂಟು, ಡೆಬಿಯನ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಲಿನಕ್ಸ್‌ನಲ್ಲಿ ಒಂದು ಸಾಫ್ಟ್‌ವೇರ್ ಹಾಕಿಕೊಳ್ಳಲು ಒಂದು ಸಾಲು ಸಾಕು. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ತೆಗೆಯುವ ಮಾತು ಬಂದಾಗ ಮಾತ್ರ ‘ರಿಮೂವ್ ಕೊಡಿ, ಹೋಗುತ್ತೆ’ ಎಂದು ಮುಗಿಸಿಬಿಡುತ್ತಾರೆ. ಸಿಸ್ಟಂ ಕೈಕೊಡುವುದು ಹೆಚ್ಚಾಗಿ ಅಲ್ಲೇ. ಹಾಗಾಗಿ ಈ ಬರಹದಲ್ಲಿ ತೆಗೆಯುವುದರ ಬಗ್ಗೆಯೇ ಸ್ವಲ್ಪ ಜಾಸ್ತಿ ಇದೆ. ಎರಡಕ್ಕೂ ಬೇಕಾದ ಅಭ್ಯಾಸ ಒಂದೇ: ‘ವೈ’ ಒತ್ತುವ ಮುಂಚೆ ಪರದೆ ಮೇಲೆ ಬಂದ ಪಟ್ಟಿಯನ್ನು ಓದುವುದು.

ಇಲ್ಲಿ ಹೇಳುವುದು ಉಬುಂಟು, ಡೆಬಿಯನ್, ಲಿನಕ್ಸ್ ಮಿಂಟ್ ಮತ್ತು ಅವುಗಳ ಬಳಗಕ್ಕೆ ಸೇರಿದ ಸಿಸ್ಟಂಗಳಿಗೆ. ಫೆಡೋರಾದಲ್ಲಿ ಡಿಎನ್‌ಎಫ್, ಆರ್ಚ್‌ನಲ್ಲಿ ಪ್ಯಾಕ್‌ಮ್ಯಾನ್. ಅವುಗಳ ದಾರಿಯೇ ಬೇರೆ.

ಕಮಾಂಡುಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರ ಬಳಸಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ. ‘ಆಪ್ಟ್’ ಅಂದರೆ ಎ, ಪಿ, ಟಿ. ‘ಸುಡೊ’ ಅಂದರೆ ಎಸ್, ಯು, ಡಿ, ಒ. ‘ಡಿಪಿಕೆಜಿ’ ಅನ್ನುವುದು ಅದೇ ನಾಲ್ಕು ಅಕ್ಷರ. ಉಳಿದವೆಲ್ಲ ಅಪ್‌ಡೇಟ್, ಇನ್‌ಸ್ಟಾಲ್, ರಿಮೂವ್ ಥರದ ಮಾಮೂಲಿ ಇಂಗ್ಲಿಷ್ ಪದಗಳು.

ಯಾರು ಯಾವ ಕೆಲಸ ಮಾಡುತ್ತಾರೆ

ಡೆಬಿಯನ್ ಶುರುವಾದದ್ದು 1993ರಲ್ಲಿ. ಅದರ ಸಾಫ್ಟ್‌ವೇರುಗಳು ‘.ಡೆಬ್’ ಎಂಬ ಕೊನೆಯಿರುವ ಫೈಲುಗಳಾಗಿ ಬರುತ್ತವೆ. ಇದೇ ಪ್ಯಾಕೇಜ್. ಒಳಗೆ ಎರಡು ಭಾಗ. ಒಂದರಲ್ಲಿ ಡಿಸ್ಕಿಗೆ ಹೋಗಿ ಕೂರಬೇಕಾದ ಫೈಲುಗಳು. ಇನ್ನೊಂದರಲ್ಲಿ ಹೆಸರು, ಆವೃತ್ತಿ, ಇನ್ಯಾವ ಪ್ಯಾಕೇಜುಗಳು ಬೇಕು ಎಂಬ ವಿವರ, ಜೊತೆಗೆ ಹಾಕುವಾಗ ಮತ್ತು ತೆಗೆಯುವಾಗ ಓಡುವ ಪುಟ್ಟ ಸ್ಕ್ರಿಪ್ಟುಗಳು.

ಈ ಫೈಲನ್ನು ಬಿಚ್ಚಿ ಡಿಸ್ಕಿನಲ್ಲಿ ಕೂರಿಸುವುದು ಡಿಪಿಕೆಜಿ. ಅದಕ್ಕೆ ಇಂಟರ್ನೆಟ್ ಗೊತ್ತಿಲ್ಲ. ಬೇಕಾದ ಡಿಪೆಂಡೆನ್ಸಿ (ಪ್ಯಾಕೇಜ್ ನೆಚ್ಚಿಕೊಂಡಿರುವ ಇನ್ನೊಂದು ಪ್ಯಾಕೇಜ್) ಇಲ್ಲದಿದ್ದರೆ ‘ಇಲ್ಲ’ ಎಂದು ಹೇಳಿ ಸುಮ್ಮನಾಗುತ್ತದೆ. ಏನೇನು ಬೇಕು ಎಂದು ಲೆಕ್ಕ ಹಾಕಿ, ಸರ್ವರ್‌ನಿಂದ ತಂದು, ಸರಿಯಾದ ಕ್ರಮದಲ್ಲಿ ಡಿಪಿಕೆಜಿ ಕೈಗೆ ಕೊಡುವುದು ಆಪ್ಟ್. ಇದು 1999ರ ಡೆಬಿಯನ್ 2.1ರ ಜೊತೆ ಬಂತು. ಆಗ ಇದ್ದದ್ದು ‘ಆಪ್ಟ್-ಗೆಟ್’. ನಾವು ಈಗ ಬಳಸುವ ಬರೀ ‘ಆಪ್ಟ್’ ಎಂಬ ಕಮಾಂಡ್ 2014ರಲ್ಲಿ 1.0 ಆಗಿ ಹೊರಬಂತು. ಹಳೆಯ ಲೇಖನಗಳಲ್ಲೆಲ್ಲ ಆಪ್ಟ್-ಗೆಟ್ ಕಾಣುವುದು ಅದಕ್ಕೇ. ಎರಡೂ ಕೆಲಸ ಮಾಡುತ್ತವೆ. ಕೂತು ಕೈಯಾರೆ ಟೈಪ್ ಮಾಡುವಾಗ ಆಪ್ಟ್, ಸ್ಕ್ರಿಪ್ಟ್ ಬರೆಯುವಾಗ ಆಪ್ಟ್-ಗೆಟ್ ಎಂದಿಟ್ಟುಕೊಳ್ಳಿ.

ಹಂತ 1: ಟರ್ಮಿನಲ್ ಮತ್ತು ಸುಡೊ

ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್, ಟಿ ಮೂರೂ ಒಟ್ಟಿಗೆ ಒತ್ತಿದರೆ ಟರ್ಮಿನಲ್ ತೆರೆಯುತ್ತದೆ. ಸುಡೊ ಎಂದರೆ ಆ ಒಂದು ಕಮಾಂಡನ್ನು ರೂಟ್, ಅಂದರೆ ಸಿಸ್ಟಂನ ಪೂರ್ತಿ ಅಧಿಕಾರವಿರುವ ಅಕೌಂಟ್, ಆಗಿ ಓಡಿಸುವುದು. ಹುಡುಕುವುದಕ್ಕೆ, ನೋಡುವುದಕ್ಕೆ ಸುಡೊ ಬೇಡ. ಹಾಕುವುದಕ್ಕೆ, ತೆಗೆಯುವುದಕ್ಕೆ ಬೇಕು. ಸುಡೊ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಬಹಳಷ್ಟು ಆವೃತ್ತಿಗಳಲ್ಲಿ ಚುಕ್ಕಿಯೂ ಕಾಣುವುದಿಲ್ಲ, ನಕ್ಷತ್ರವೂ ಕಾಣುವುದಿಲ್ಲ. ಕೀಬೋರ್ಡ್ ಕೆಟ್ಟಿಲ್ಲ. ಟೈಪ್ ಮಾಡಿ ಎಂಟರ್ ಒತ್ತಿ.

ಡೆಬಿಯನ್‌ನಲ್ಲಿ ಒಂದು ತಕರಾರು ಬರಬಹುದು. ಸಿಸ್ಟಂ ಹಾಕುವಾಗ ರೂಟ್‌ಗೆ ಪಾಸ್‌ವರ್ಡ್ ಕೊಟ್ಟಿದ್ದರೆ ನಿಮ್ಮ ಅಕೌಂಟಿಗೆ ಸುಡೊ ಅಧಿಕಾರ ಸಿಕ್ಕಿರುವುದಿಲ್ಲ. ಆಗ ‘ಎಸ್‌ಯು -’ ಎಂದು ಟೈಪ್ ಮಾಡಿ, ರೂಟ್ ಪಾಸ್‌ವರ್ಡ್ ಕೊಟ್ಟು ಒಳಹೋಗಿ, ಸುಡೊ ಬಿಟ್ಟು ಉಳಿದ ಕಮಾಂಡ್ ಕೊಡಿ.

ಹಂತ 2: ಮೊದಲು ಪಟ್ಟಿ ತಾಜಾ ಮಾಡಿಕೊಳ್ಳಿ

ಸುಡೊ ಆಪ್ಟ್ ಅಪ್‌ಡೇಟ್

ಹೆಸರು ನೋಡಿ ಇದು ಸಾಫ್ಟ್‌ವೇರುಗಳನ್ನು ಅಪ್‌ಡೇಟ್ ಮಾಡುತ್ತದೆ ಎಂದುಕೊಳ್ಳುವವರೇ ಜಾಸ್ತಿ. ಅದೇನೂ ಮಾಡುವುದಿಲ್ಲ. ಸರ್ವರ್‌ನಲ್ಲಿ ಯಾವ ಪ್ಯಾಕೇಜಿನ ಯಾವ ಆವೃತ್ತಿ ಇದೆ ಎಂಬ ಪಟ್ಟಿಯನ್ನಷ್ಟೇ ತಂದಿಟ್ಟುಕೊಳ್ಳುತ್ತದೆ. ನಿಮ್ಮ ಒಂದು ಸಾಫ್ಟ್‌ವೇರನ್ನೂ ಅದು ಮುಟ್ಟುವುದಿಲ್ಲ.

ಓಡುವಾಗ ಸಾಲುಗಳ ಶುರುವಿನಲ್ಲಿ ಬರುವ ಪದ ಗಮನಿಸಿ. ‘ಹಿಟ್’ ಎಂದರೆ ಪಟ್ಟಿ ಬದಲಾಗಿಲ್ಲ, ಇದ್ದದ್ದೇ ಸಾಕು. ‘ಗೆಟ್’ ಎಂದರೆ ಹೊಸತು ತರುತ್ತಿದೆ. ‘ಎರರ್’ ಬಂದರೆ ನಿಂತು ನೋಡಿ. ಎಲ್ಲ ವಿಳಾಸಕ್ಕೂ ಬಂದರೆ ಹೆಚ್ಚಾಗಿ ನಿಮ್ಮ ನೆಟ್ ಇಲ್ಲ. ಒಂದಕ್ಕೆ ಮಾತ್ರ ಬಂದರೆ ಆ ಸರ್ವರ್ ಅಥವಾ ನೀವು ಹಿಂದೆ ಯಾವಾಗಲೋ ಸೇರಿಸಿದ ರೆಪೊ (ಪ್ಯಾಕೇಜುಗಳ ಭಂಡಾರ) ಕೆಟ್ಟಿದೆ. ಎಲ್ಲದಕ್ಕೂ 404 (ಅಲ್ಲಿ ಆ ಫೈಲ್ ಇಲ್ಲ ಎಂಬ ಸೂಚನೆ) ಬರುತ್ತಿದ್ದರೆ ನಿಮ್ಮ ಉಬುಂಟು ಆವೃತ್ತಿಯ ಕಾಲ ಮುಗಿದಿರಬಹುದು. ನಡುನಡುವೆ ಬರುವ ಆವೃತ್ತಿಗಳಿಗೆ ಸಿಗುವುದು ಒಂಬತ್ತು ತಿಂಗಳ ಬೆಂಬಲ ಅಷ್ಟೇ. ಎಲ್‌ಟಿಎಸ್‌ಗೆ, ಅಂದರೆ ದೀರ್ಘಕಾಲದ ಬೆಂಬಲವಿರುವ ಆವೃತ್ತಿಗೆ, ಐದು ವರ್ಷ. ಮನೆಯ ಕಂಪ್ಯೂಟರಿಗೆ ಎಲ್‌ಟಿಎಸ್ ಹಾಕಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಹಂತ 3: ಸರಿಯಾದ ಹೆಸರು ಹುಡುಕುವುದು

ನಾವು ಕರೆಯುವ ಹೆಸರು ಬೇರೆ, ಪ್ಯಾಕೇಜಿನ ಹೆಸರು ಬೇರೆ ಇರಬಹುದು. ನಿಜವಾದ ಒಂದು ಕೆಲಸ ಹಿಡಿದುಕೊಳ್ಳೋಣ. ಹಳೆಯ ಕನ್ನಡ ಪುಸ್ತಕದ ಪುಟವೊಂದನ್ನು ಸ್ಕ್ಯಾನ್ ಮಾಡಿದ್ದೀರಿ. ಅದರಲ್ಲಿರುವ ಅಕ್ಷರಗಳು ತಿದ್ದಲು ಬರುವ ಪಠ್ಯವಾಗಿ ಬೇಕು. ಹುಡುಕಿ:

ಆಪ್ಟ್ ಸರ್ಚ್ ಕನ್ನಡ

‘ಕನ್ನಡ’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಹೆಸರಿನಲ್ಲಾಗಲಿ ವಿವರಣೆಯಲ್ಲಾಗಲಿ ಆ ಪದವಿರುವ ಪ್ಯಾಕೇಜುಗಳೆಲ್ಲ ಸಾಲಾಗಿ ಬರುತ್ತವೆ. ಗುಬ್ಬಿ, ನವಿಲು ಫಾಂಟುಗಳು, ಲಿಬ್ರೆ ಆಫೀಸಿನ ಕನ್ನಡ ಅನುವಾದ, ಹೀಗೆ. ಅವುಗಳ ನಡುವೆ ‘ಟೆಸೆರಾಕ್ಟ್-ಒಸಿಆರ್-ಕೆಎಎನ್’ ಎಂಬುದೂ ಇರುತ್ತದೆ. ನಮಗೆ ಬೇಕಾದದ್ದು ಇದೇ. ಟೆಸೆರಾಕ್ಟ್ ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ. ಕೆಎಎನ್ ಅದರ ಕನ್ನಡ ಕಡತ. ಪಟ್ಟಿಯಲ್ಲಿ ಕಾಣುವ ಹೆಸರನ್ನೇ ನಕಲು ಮಾಡಿಕೊಂಡರೆ ಕಾಗುಣಿತದ ತಲೆಬಿಸಿ ಇಲ್ಲ. ಟರ್ಮಿನಲ್‌ನಲ್ಲಿ ನಕಲಿಗೆ ಕಂಟ್ರೋಲ್, ಶಿಫ್ಟ್, ಸಿ. ಶಿಫ್ಟ್ ಬಿಟ್ಟರೆ ಓಡುತ್ತಿರುವ ಕಮಾಂಡೇ ನಿಂತುಹೋಗುತ್ತದೆ.

ಹಾಕುವ ಮುಂಚೆ ಒಮ್ಮೆ ವಿವರ ನೋಡಿ:

ಆಪ್ಟ್ ಶೋ ಟೆಸೆರಾಕ್ಟ್-ಒಸಿಆರ್-ಕೆಎಎನ್

ಆವೃತ್ತಿ, ಗಾತ್ರ, ಏನನ್ನು ಅವಲಂಬಿಸಿದೆ, ಏನು ಕೆಲಸ, ಎಲ್ಲ ಇಲ್ಲಿದೆ. ‘ಡಿಪೆಂಡ್ಸ್’ ಸಾಲಿನಲ್ಲಿರುವುದು ಇಲ್ಲದೆ ಆಗುವುದೇ ಇಲ್ಲ. ‘ರೆಕಮೆಂಡ್ಸ್’ ಇದ್ದರೆ ಒಳ್ಳೆಯದು, ಮಾಮೂಲಾಗಿ ಅದೂ ಜೊತೆಗೇ ಬರುತ್ತದೆ. ‘ಸಜೆಸ್ಟ್ಸ್’ ಬರೀ ಸಲಹೆ, ತಾನಾಗಿ ಬರುವುದಿಲ್ಲ. ಈ ಮೂರರ ವ್ಯತ್ಯಾಸ ತೆಗೆಯುವಾಗ ಕೆಲಸಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಹಂತ 4: ಹಾಕುವುದು

ಮೊದಲು ಒಣ ಅಭ್ಯಾಸ:

ಆಪ್ಟ್ ಇನ್‌ಸ್ಟಾಲ್ -ಎಸ್ ಟೆಸೆರಾಕ್ಟ್-ಒಸಿಆರ್-ಕೆಎಎನ್

ಆ ಸಣ್ಣ ಎಸ್ ಅಂದರೆ ‘ಮಾಡಬೇಡ, ಮಾಡಿದರೆ ಏನಾಗುತ್ತದೆ ಹೇಳು’. ಸುಡೊ ಕೂಡ ಬೇಡ. ‘ಇನ್ಸ್ಟ್’ ಎಂದು ಶುರುವಾಗುವ ಸಾಲುಗಳು ಒಳಬರುವವು, ‘ರಿಮ್ವ್’ ಎಂದು ಶುರುವಾಗುವವು ಹೊರಹೋಗುವವು. ಈಗ ನಿಜವಾಗಿ:

ಸುಡೊ ಆಪ್ಟ್ ಇನ್‌ಸ್ಟಾಲ್ ಟೆಸೆರಾಕ್ಟ್-ಒಸಿಆರ್-ಕೆಎಎನ್

ಕೇಳಿದ್ದು ಒಂದು. ಪಟ್ಟಿಯಲ್ಲಿ ಹಲವು ಕಾಣುತ್ತವೆ. ಕನ್ನಡ ಕಡತಕ್ಕೆ ಟೆಸೆರಾಕ್ಟ್ ಬೇಕು. ಟೆಸೆರಾಕ್ಟ್‌ಗೆ ತನ್ನ ಲೈಬ್ರರಿ ಬೇಕು, ಇಂಗ್ಲಿಷ್ ಕಡತವೂ ಬೇಕು, ಪುಟ ಯಾವ ಕಡೆಗೆ ತಿರುಗಿದೆ ಎಂದು ಗುರುತಿಸುವ ಕಡತವೂ ಬೇಕು. ಕೊನೆಯಲ್ಲಿ ಎಷ್ಟು ಡೌನ್‌ಲೋಡ್, ಡಿಸ್ಕಿನಲ್ಲಿ ಎಷ್ಟು ಜಾಗ ಎಂಬ ಲೆಕ್ಕ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವವರು ಈ ಸಾಲು ಬಿಡಬೇಡಿ. ಆಮೇಲೆ ‘ಮುಂದುವರಿಯಲೇ’ ಎಂಬ ಪ್ರಶ್ನೆ. ವೈ ಅಂದರೆ ಹೂಂ, ಎನ್ ಅಂದರೆ ಬೇಡ. ಸುಮ್ನೆ ಎಂಟರ್ ಒತ್ತಿದರೂ ಹೂಂ ಎಂದೇ ಅರ್ಥ.

ನೀವು ಹೆಸರಿಸಿದ್ದನ್ನು ಬಿಟ್ಟು ಬೇರೇನೂ ತರಬೇಕಿಲ್ಲದಿದ್ದರೆ ಆಪ್ಟ್ ಆ ಪ್ರಶ್ನೆಯನ್ನೂ ಕೇಳುವುದಿಲ್ಲ. ನೇರ ಹಾಕಿಬಿಡುತ್ತದೆ. ಗಾಬರಿ ಬೇಡ.

ಆಪ್ಟ್ 3.0ರಿಂದ, ಅಂದರೆ 2025ರಲ್ಲಿ ಬಂದ ಡೆಬಿಯನ್ 13 ಮತ್ತು ಅದೇ ಸಾಲಿನ ಉಬುಂಟುಗಳಲ್ಲಿ, ಈ ಪಟ್ಟಿಯ ರೂಪ ಬದಲಾಗಿದೆ. ಕಾಲಂಗಳಾಗಿ ಬರುತ್ತದೆ. ಹಾಕುವುದು ಹಸಿರು, ತೆಗೆಯುವುದು ಕೆಂಪು. ಓದದೆ ಒತ್ತುವವರಿಗಾಗಿಯೇ ಮಾಡಿದ ಹಾಗಿದೆ. ನನಗಂತೂ ಇದು ಇಷ್ಟವಾಯಿತು.

ಸರಿಯಾಗಿ ಬಂತೇ ನೋಡೋಣ. ಪುಟದ ಚಿತ್ರವಿರುವ ಫೋಲ್ಡರಿಗೆ ಹೋಗಿ:

ಟೆಸೆರಾಕ್ಟ್ ಪುಟ.ಪಿಎನ್‌ಜಿ ಪಠ್ಯ -ಎಲ್ ಕೆಎಎನ್

ಪುಟ, ಪಠ್ಯ ಎನ್ನುವುದು ನೀವು ಕೊಡುವ ಫೈಲ್ ಹೆಸರುಗಳು. ‘ಪಠ್ಯ’ ಹೆಸರಿನ ಟಿಎಕ್ಸ್‌ಟಿ ಫೈಲ್ ಅಲ್ಲೇ ಹುಟ್ಟುತ್ತದೆ. ಪುಟದಲ್ಲಿ ಇಂಗ್ಲಿಷೂ ಬೆರೆತಿದ್ದರೆ ಕೆಎಎನ್ ಮುಂದೆ ಪ್ಲಸ್ ಚಿಹ್ನೆ ಹಾಕಿ ಇಎನ್‌ಜಿ ಎಂದು ಸೇರಿಸಿ, ನಡುವೆ ಜಾಗ ಬಿಡಬೇಡಿ. ಒತ್ತಕ್ಷರಗಳಲ್ಲಿ ತಪ್ಪು ಇದ್ದೇ ಇರುತ್ತದೆ, ಕೂತು ತಿದ್ದಬೇಕು. ಆದರೂ ಇಡೀ ಪುಟ ಕೈಯಲ್ಲಿ ಟೈಪ್ ಮಾಡುವುದಕ್ಕಿಂತ ವಾಸಿ ಅಲ್ವಾ?

‘ಅನೇಬಲ್ ಟು ಲೊಕೇಟ್ ಪ್ಯಾಕೇಜ್’ ಎಂದು ಬಂದರೆ ಮೂರು ಕಾರಣ ನೋಡಿ. ಹೆಸರು ತಪ್ಪಿರಬಹುದು. ಹಂತ 2 ಮಾಡಿಲ್ಲದಿರಬಹುದು. ಇಲ್ಲವೇ ಉಬುಂಟುವಿನ ‘ಯೂನಿವರ್ಸ್’ ವಿಭಾಗ ಮುಚ್ಚಿರಬಹುದು. ಉಬುಂಟು ತನ್ನ ರೆಪೊವನ್ನು ಮೇನ್, ರಿಸ್ಟ್ರಿಕ್ಟೆಡ್, ಯೂನಿವರ್ಸ್, ಮಲ್ಟಿವರ್ಸ್ ಎಂದು ನಾಲ್ಕು ಮಾಡಿಕೊಂಡಿದೆ. ಟೆಸೆರಾಕ್ಟ್ ಇರುವುದು ಯೂನಿವರ್ಸ್‌ನಲ್ಲಿ. ತೆರೆಯಲು:

ಸುಡೊ ಆ್ಯಡ್-ಆಪ್ಟ್-ರೆಪೊಸಿಟರಿ ಯೂನಿವರ್ಸ್

ಹಂತ 5: ತೆಗೆಯುವುದು

ತೆಗೆಯಲು ಮೂರು ಕಮಾಂಡುಗಳಿವೆ. ಮೂರೂ ಮೂರು ಕೆಲಸ ಮಾಡುತ್ತವೆ.

ಮೊದಲನೆಯದು ರಿಮೂವ್:

ಸುಡೊ ಆಪ್ಟ್ ರಿಮೂವ್ ಟೆಸೆರಾಕ್ಟ್-ಒಸಿಆರ್

ಪ್ರೋಗ್ರಾಂ ಹೋಗುತ್ತದೆ. ಅದರ ಕಾನ್ಫಿಗ್ ಫೈಲುಗಳು ‘ಇಟಿಸಿ’ ಫೋಲ್ಡರಿನಲ್ಲಿದ್ದರೆ ಹಾಗೇ ಉಳಿಯುತ್ತವೆ. ನಾಳೆ ಮತ್ತೆ ಹಾಕಿದರೆ ಹಳೆಯ ಸೆಟ್ಟಿಂಗ್ ಸಿಗಲಿ ಎಂಬ ಉದ್ದೇಶ. ಇನ್ನೊಂದು ಗಮನಿಸಿ: ಇಲ್ಲಿ ಹೇಳಿದ್ದು ಟೆಸೆರಾಕ್ಟ್ ಅನ್ನು ಮಾತ್ರ. ಆದರೆ ಕನ್ನಡ ಕಡತ ಅದನ್ನು ಅವಲಂಬಿಸಿದೆ, ಹಾಗಾಗಿ ತೆಗೆಯುವ ಪಟ್ಟಿಯಲ್ಲಿ ಅದೂ ಕಾಣುತ್ತದೆ. ಡಿಪೆಂಡೆನ್ಸಿ ತೆಗೆದರೆ ಅದನ್ನು ನೆಚ್ಚಿಕೊಂಡದ್ದೆಲ್ಲ ಜೊತೆಗೆ ಹೋಗುತ್ತದೆ. ಇಲ್ಲಿ ಹೋಗುವುದು ಪುಟ್ಟ ಕಡತ, ಚಿಂತೆಯಿಲ್ಲ. ಇದೇ ನಿಯಮದಿಂದ ಇಡೀ ಡೆಸ್ಕ್‌ಟಾಪ್ ಹೋದದ್ದೂ ಉಂಟು. ‘ಪೈಥಾನ್ ನನಗೆ ಬೇಡ’ ಎಂದು ಉಬುಂಟುವಿನಲ್ಲಿ ಪೈಥಾನ್3 ತೆಗೆಯಲು ಹೊರಡುವವರಿಗೆ ಆಗುವುದು ಇದೇ. ಸಿಸ್ಟಂನ ಎಷ್ಟೋ ಸಲಕರಣೆಗಳು ಅದರ ಮೇಲೆ ನಿಂತಿವೆ.

ಎರಡನೆಯದು ಪರ್ಜ್:

ಸುಡೊ ಆಪ್ಟ್ ಪರ್ಜ್ ಟೆಸೆರಾಕ್ಟ್-ಒಸಿಆರ್

ಇದು ಇಟಿಸಿಯಲ್ಲಿರುವ ಕಾನ್ಫಿಗ್ ಫೈಲುಗಳನ್ನೂ ಒರೆಸುತ್ತದೆ. ನಿಮ್ಮ ಹೋಮ್ ಫೋಲ್ಡರನ್ನು ಮಾತ್ರ ಮುಟ್ಟುವುದಿಲ್ಲ. ಒಂದು ಸಾಫ್ಟ್‌ವೇರ್ ಹಠ ಹಿಡಿದಿದೆ, ಪರ್ಜ್ ಮಾಡಿ ಮತ್ತೆ ಹಾಕಿದರೂ ಹಾಗೇ ಇದೆ ಎಂದರೆ ಕಾರಣ ಇದು. ಅದರ ಸೆಟ್ಟಿಂಗ್ ಹೋಮ್‌ನೊಳಗಿನ ‘.ಕಾನ್ಫಿಗ್’ ಅಥವಾ ‘.ಲೋಕಲ್’ ಫೋಲ್ಡರಿನಲ್ಲಿ ಕೂತಿರುತ್ತದೆ. ಚುಕ್ಕಿಯಿಂದ ಶುರುವಾಗುವ ಫೋಲ್ಡರುಗಳು ಸುಮ್ನೆ ನೋಡಿದರೆ ಕಾಣುವುದಿಲ್ಲ. ಫೈಲ್ ಮ್ಯಾನೇಜರಿನಲ್ಲಿ ಕಂಟ್ರೋಲ್, ಎಚ್ ಒತ್ತಿ. ಆ ಫೋಲ್ಡರನ್ನು ಅಳಿಸುವ ಬದಲು ಹೆಸರು ಬದಲಿಸಿಟ್ಟು ನೋಡಿ. ತೊಂದರೆ ಹೋದರೆ ಆಮೇಲೆ ಅಳಿಸಬಹುದು.

ಡೇಟಾಬೇಸ್ ವಿಷಯದಲ್ಲಿ ಪರ್ಜ್ ಅಪಾಯ. ಪೋಸ್ಟ್‌ಗ್ರೆಸ್‌ಕ್ಯೂಎಲ್, ಮಾರಿಯಾಡಿಬಿ ಇವುಗಳನ್ನು ಪರ್ಜ್ ಮಾಡುವಾಗ ‘ಡೇಟಾ ಫೋಲ್ಡರನ್ನೂ ಅಳಿಸಲೇ’ ಎಂಬ ಪ್ರಶ್ನೆ ನೀಲಿ ಪರದೆಯಲ್ಲಿ ಬರುತ್ತದೆ. ಅಲ್ಲಿ ಹೂಂ ಎಂದರೆ ಒಳಗಿದ್ದ ದಾಖಲೆಗಳೆಲ್ಲ ಹೋದ ಹಾಗೆ. ಬ್ಯಾಕಪ್ ಇಲ್ಲದೆ ಆ ಕಮಾಂಡ್ ಕೊಡಲೇಬೇಡಿ.

ಹಿಂದೆ ಬರೀ ರಿಮೂವ್ ಮಾಡಿ ಬಿಟ್ಟ ಪ್ಯಾಕೇಜುಗಳ ಕಾನ್ಫಿಗ್ ಎಲ್ಲೆಲ್ಲಿ ಉಳಿದಿದೆ?

ಆಪ್ಟ್ ಲಿಸ್ಟ್ '~ಸಿ'

ಅಲೆಯ ಚಿಹ್ನೆ, ಸಣ್ಣ ಸಿ, ಸುತ್ತ ಒಂಟಿ ಉದ್ಧರಣ ಚಿಹ್ನೆ. ಪಟ್ಟಿ ನೋಡಿ, ಎಲ್ಲವೂ ಬೇಡವೆನಿಸಿದರೆ ಅದೇ ಗುರುತನ್ನು ಪರ್ಜ್‌ಗೆ ಕೊಡಿ. ಇದು ಆಪ್ಟ್ 2.0 ಮತ್ತು ನಂತರದವುಗಳಲ್ಲಿ ನಡೆಯುತ್ತದೆ. ‘ಡಿಪಿಕೆಜಿ -ಎಲ್’ ಎಂದು ಸಣ್ಣ ಎಲ್ ಕೊಟ್ಟಾಗ ಸಾಲಿನ ಶುರುವಿನಲ್ಲಿ ‘ಆರ್‌ಸಿ’ ಎಂದು ಕಾಣುವುದೂ ಇವೇ: ಆರ್ ಅಂದರೆ ತೆಗೆದದ್ದು, ಸಿ ಅಂದರೆ ಕಾನ್ಫಿಗ್ ಉಳಿದದ್ದು. ತೆಗೆಯದೆ ಸರಿಯಾಗಿರುವವಕ್ಕೆ ‘ಐಐ’ ಇರುತ್ತದೆ.

ಮೂರನೆಯದು ಆಟೋರಿಮೂವ್:

ಸುಡೊ ಆಪ್ಟ್ ಆಟೋರಿಮೂವ್

ಆಪ್ಟ್ ಪ್ರತಿ ಪ್ಯಾಕೇಜಿನ ಮೇಲೂ ಒಂದು ಗುರುತು ಇಟ್ಟಿರುತ್ತದೆ. ನೀವು ಹೆಸರು ಹೇಳಿ ಹಾಕಿದ್ದು ‘ಮ್ಯಾನ್ಯುವಲ್’. ಇನ್ನೊಂದರ ಸಲುವಾಗಿ ತಾನಾಗಿ ಬಂದದ್ದು ‘ಆಟೋ’. ಯಾರ ಸಲುವಾಗಿ ಬಂತೋ ಅವರೆಲ್ಲ ಹೋದ ಮೇಲೆ ಆಟೋ ಗುರುತಿನದಕ್ಕೆ ಇಲ್ಲಿ ಕೆಲಸವಿಲ್ಲ. ಅಂಥವನ್ನು ಗುಡಿಸುವುದು ಆಟೋರಿಮೂವ್. ಹಳೆಯ ಕರ್ನಲ್‌ಗಳೂ (ಸಿಸ್ಟಂನ ತಿರುಳಾದ ತಂತ್ರಾಂಶ) ಇದರಲ್ಲೇ ಹೋಗುತ್ತವೆ. ಈಗ ಓಡುತ್ತಿರುವುದನ್ನೂ ಹೊಸದನ್ನೂ ಅದು ಉಳಿಸಿಕೊಳ್ಳುತ್ತದೆ. ‘ಬೂಟ್’ ಭಾಗ ತುಂಬಿ ಅಪ್‌ಡೇಟ್ ನಿಂತಿದ್ದರೆ ಮೊದಲ ಮದ್ದು ಇದು.

ಈ ಗುರುತಿನ ಆಟ ಗೊತ್ತಿಲ್ಲದಿದ್ದರೆ ಬೇಕಾದದ್ದೂ ಹೋಗಬಹುದು. ಕನ್ನಡ ಫಾಂಟುಗಳನ್ನೇ ತೆಗೆದುಕೊಳ್ಳಿ. ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಪ್ಯಾಕೇಜಿನಲ್ಲಿ ಒಂದು ಫಾಂಟೂ ಇಲ್ಲ! ಅದು ಮೆಟಾಪ್ಯಾಕೇಜ್. ‘ಕನ್ನಡದ ಇಂಥಿಂಥ ಫಾಂಟುಗಳನ್ನು ತಾ’ ಎಂಬ ಚೀಟಿ ಅಷ್ಟೇ. ಅದನ್ನು ತೆಗೆದರೆ ಆ ಕ್ಷಣಕ್ಕೆ ಏನೂ ಬದಲಾಗುವುದಿಲ್ಲ. ಆದರೆ ಅದರಿಂದ ಬಂದಿದ್ದ ಫಾಂಟುಗಳು ದಿಕ್ಕಿಲ್ಲದವಾಗುತ್ತವೆ. ತಿಂಗಳ ನಂತರ ಯಾವುದೋ ಕೆಲಸಕ್ಕೆ ಆಟೋರಿಮೂವ್ ಕೊಟ್ಟಾಗ ಅವೂ ಹೋಗಬಹುದು. ನವಿಲು ಫಾಂಟ್ ಉಳಿಯಬೇಕು ಎನಿಸಿದರೆ ಗುರುತು ಬದಲಿಸಿ:

ಸುಡೊ ಆಪ್ಟ್-ಮಾರ್ಕ್ ಮ್ಯಾನ್ಯುವಲ್ ಫಾಂಟ್ಸ್-ನವಿಲು

ಉಲ್ಟಾ ಸಂದೇಹವೂ ಬರುತ್ತದೆ: ಆಟೋರಿಮೂವ್ ಕೊಟ್ಟರೂ ಕೆಲವು ಹೋಗುವುದೇ ಇಲ್ಲವಲ್ಲ? ಉಳಿದಿರುವ ಯಾವುದೋ ಪ್ಯಾಕೇಜ್ ಅದನ್ನು ರೆಕಮೆಂಡ್ ಅಥವಾ ಸಜೆಸ್ಟ್ ಮಾಡುತ್ತಿದ್ದರೂ ಆಪ್ಟ್ ಅದನ್ನು ಇಟ್ಟುಕೊಳ್ಳುತ್ತದೆ. ನಿಮಗೆ ಬೇಡವೆಂದು ಖಾತ್ರಿಯಿದ್ದರೆ ಹೆಸರು ಹೇಳಿ ತೆಗೆಯಿರಿ.

ಪಟ್ಟಿ ಓದದಿದ್ದರೆ

ನವೆಂಬರ್ 2021ರಲ್ಲಿ ಇದು ಲೋಕಕ್ಕೆಲ್ಲ ಗೊತ್ತಾಯಿತು. ಕೆನಡಾದ ಟೆಕ್ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಲಿನಕ್ಸ್‌ನಲ್ಲಿ ಗೇಮ್ ಆಡಿ ನೋಡುವ ಸವಾಲು ಹಾಕಿಕೊಂಡು ಉಬುಂಟು ಆಧಾರಿತ ಪಾಪ್ ಓಎಸ್ ಹಾಕಿದ್ದರು. ಗೇಮ್‌ಗಳ ಅಂಗಡಿಯಾದ ಸ್ಟೀಮ್ ಹಾಕಲು ಆ್ಯಪ್ ಸ್ಟೋರಿನಲ್ಲಿ ಆಗಲಿಲ್ಲ. ಟರ್ಮಿನಲ್‌ಗೆ ಬಂದರು. ಆಗ ಸ್ಟೀಮ್ ಪ್ಯಾಕೇಜಿನ ಡಿಪೆಂಡೆನ್ಸಿಯಲ್ಲೇ ದೋಷವಿತ್ತು. ಅದನ್ನು ಹಾಕಬೇಕೆಂದರೆ ಡೆಸ್ಕ್‌ಟಾಪನ್ನೇ ತೆಗೆಯಬೇಕು ಎಂದು ಆಪ್ಟ್ ಲೆಕ್ಕ ಹಾಕಿತು. ಅದನ್ನು ಮುಚ್ಚಿಡಲಿಲ್ಲ. ಅತ್ಯಗತ್ಯ ಪ್ಯಾಕೇಜುಗಳು ಹೋಗುತ್ತವೆ, ಗೊತ್ತಿಲ್ಲದೆ ಮಾಡಬೇಡಿ ಎಂದು ಎಚ್ಚರಿಸಿತು. ಬರೀ ವೈ ಸಾಲದು, ‘ಯೆಸ್, ಡೂ ಆ್ಯಸ್ ಐ ಸೇ!’ ಎಂದು ಪೂರ್ತಿ ಟೈಪ್ ಮಾಡಿ ಎಂದಿತು. ಅವರು ಟೈಪ್ ಮಾಡಿದರು. ಡೆಸ್ಕ್‌ಟಾಪ್ ಹೋಗಿ ಕಪ್ಪು ಪರದೆ ಉಳಿಯಿತು.

ತಪ್ಪು ಯಾರದು ಎಂದು ಆಮೇಲೆ ಬಹಳ ಜಗಳವಾಯಿತು. ಪ್ಯಾಕೇಜ್ ದೋಷ ಇತ್ತು, ಅದನ್ನು ಸರಿಪಡಿಸಿದರು. ಆಪ್ಟ್ ಕೂಡ ಆ ವಾಕ್ಯ ಟೈಪ್ ಮಾಡಿಸಿಕೊಳ್ಳುವ ಪದ್ಧತಿ ಬಿಟ್ಟಿತು. ಈಗ ಅಂಥ ಪ್ಯಾಕೇಜ್ ತೆಗೆಯಬೇಕಾದರೆ ಬೇರೆಯೇ ಆಯ್ಕೆಯನ್ನು ಕಮಾಂಡಿನಲ್ಲಿ ಸೇರಿಸಬೇಕು. ಆದರೂ ಅತ್ಯಗತ್ಯ ಎಂಬ ಗುರುತಿಲ್ಲದ, ನಿಮಗೆ ಮಾತ್ರ ಅತ್ಯಗತ್ಯವಾದ ಎಷ್ಟೋ ಪ್ಯಾಕೇಜುಗಳಿವೆ. ಅವುಗಳಿಗೆ ಆ ರಕ್ಷಣೆ ಇಲ್ಲ. ಹಾಕಲು ಹೊರಟಾಗ ತೆಗೆಯುವ ಪಟ್ಟಿ ಬಂತೆಂದರೆ ಎನ್ ಒತ್ತಿ. ಯಾಕೆ ಎಂದು ನೋಡಿ. ಹಾಗೆಯೇ ಪ್ರಶ್ನೆಯನ್ನೇ ನುಂಗಿಹಾಕುವ ‘-ವೈ’ ಆಯ್ಕೆಯನ್ನು ಎಲ್ಲೋ ನೋಡಿ ಅಂಟಿಸಬೇಡಿ. ಅದು ಸ್ಕ್ರಿಪ್ಟುಗಳಿಗೆ ಇರಲಿ.

ಹೊರಗಿನಿಂದ ತಂದ .ಡೆಬ್ ಫೈಲ್

ರೆಪೊದಲ್ಲಿಲ್ಲದ ಸಾಫ್ಟ್‌ವೇರನ್ನು ತಯಾರಕರ ಜಾಲತಾಣದಿಂದ ಇಳಿಸಿಕೊಳ್ಳಬೇಕಾಗುತ್ತದೆ. ಬಹಳಷ್ಟು ಕಡೆ ‘ಡಿಪಿಕೆಜಿ -ಐ’ ಕೊಡಿ ಎಂದಿರುತ್ತದೆ. ಅದು ಡಿಪೆಂಡೆನ್ಸಿ ತರುವುದಿಲ್ಲ, ಅರ್ಧಕ್ಕೆ ನಿಲ್ಲುತ್ತದೆ. ಅದರ ಬದಲು ಫೈಲ್ ಇರುವ ಫೋಲ್ಡರಿಗೆ ಹೋಗಿ:

ಸುಡೊ ಆಪ್ಟ್ ಇನ್‌ಸ್ಟಾಲ್ ./ಫೈಲ್‌ಹೆಸರು.ಡೆಬ್

ಮುಂದಿನ ಚುಕ್ಕಿ ಮತ್ತು ಗೀಟು ಬಿಡಬೇಡಿ. ಬಿಟ್ಟರೆ ಆಪ್ಟ್ ಅದನ್ನು ರೆಪೊದಲ್ಲಿ ಹುಡುಕಿ ‘ಇಲ್ಲ’ ಎನ್ನುತ್ತದೆ. ಕೊನೆಯಲ್ಲಿ ‘ಅನ್‌ಸ್ಯಾಂಡ್‌ಬಾಕ್ಸ್ಡ್’ ಎಂಬ ಪದವಿರುವ ಒಂದು ಸೂಚನೆ ಬರಬಹುದು. ನಿಮ್ಮ ಹೋಮ್ ಫೋಲ್ಡರಿನೊಳಗಿನ ಫೈಲನ್ನು ಆಪ್ಟ್‌ನ ಕಡಿಮೆ ಅಧಿಕಾರದ ಅಕೌಂಟ್ ಓದಲಾಗಲಿಲ್ಲ, ರೂಟ್ ಆಗಿ ಓದಿದೆ ಎಂದು ಹೇಳುತ್ತಿದೆ. ಎರರ್ ಅಲ್ಲ, ಬಿಟ್ಟುಬಿಡಿ.

ಯೋಚಿಸಬೇಕಾದದ್ದು ಬೇರೆ. ಡೆಬ್ ಒಳಗಿನ ಸ್ಕ್ರಿಪ್ಟ್ ರೂಟ್ ಅಧಿಕಾರದಲ್ಲಿ ಓಡುತ್ತದೆ. ಯಾರದೋ ಡ್ರೈವ್ ಲಿಂಕಿನಿಂದ ಬಂದ ಫೈಲಿಗೆ ಅಷ್ಟು ಅಧಿಕಾರ ಕೊಡಬೇಕೆ? ಹಾಕುವ ಮುಂಚೆ ‘ಡಿಪಿಕೆಜಿ -ಐ’ಯಲ್ಲಿ ದೊಡ್ಡ ಐ ಕೊಟ್ಟು ವಿವರ ನೋಡಬಹುದು. ಸಣ್ಣ ಐ ಹಾಕುತ್ತದೆ, ದೊಡ್ಡ ಐ ತೋರಿಸುತ್ತದೆ ಅಷ್ಟೇ. ‘ಆರ್ಕಿಟೆಕ್ಚರ್’ ಸಾಲೂ ನೋಡಿ. ಮಾಮೂಲಿ ಲ್ಯಾಪ್‌ಟಾಪಿಗೆ ಎಎಂಡಿ64, ಪ್ರೊಸೆಸರ್ ಇಂಟೆಲ್‌ದಾದರೂ ಇದೇ. 64 ಬಿಟ್ ಸಿಸ್ಟಂ ಇರುವ ರಾಸ್ಪ್‌ಬೆರಿ ಪೈಗೆ ಎಆರ್‌ಎಂ64.

ತೆಗೆಯುವಾಗ ಫೈಲಿನ ಹೆಸರಲ್ಲ, ಪ್ಯಾಕೇಜಿನ ಹೆಸರು ಬೇಕು. ‘ಆಪ್ಟ್ ಲಿಸ್ಟ್ --ಇನ್‌ಸ್ಟಾಲ್ಡ್’ ಪಟ್ಟಿಯಲ್ಲಿ ‘ಲೋಕಲ್’ ಎಂದು ಗುರುತಿರುವವು ಹೀಗೆ ಹೊರಗಿನಿಂದ ಬಂದವು.

ಪಿಪಿಎಗಳ, ಅಂದರೆ ಉಬುಂಟುವಿಗಾಗಿ ಹೊರಗಿನವರು ನಡೆಸುವ ರೆಪೊಗಳ, ಕಥೆ ಚಿಕ್ಕದು. ಸೇರಿಸುವುದು ಆ್ಯಡ್-ಆಪ್ಟ್-ರೆಪೊಸಿಟರಿಯಿಂದ, ತೆಗೆಯುವುದು ಅದಕ್ಕೇ ‘--ರಿಮೂವ್’ ಸೇರಿಸಿ. ಆದರೆ ರೆಪೊ ಹೋದರೂ ಅಲ್ಲಿಂದ ಬಂದ ಪ್ಯಾಕೇಜುಗಳು ಉಳಿಯುತ್ತವೆ, ಅಪ್‌ಡೇಟ್ ಸಿಗದೆ ಹಳಸುತ್ತವೆ. ಉಬುಂಟುವಿನ ಮೂಲ ಆವೃತ್ತಿಗೆ ಮರಳಲು ‘ಪಿಪಿಎ-ಪರ್ಜ್’ ಎಂಬ ಪ್ಯಾಕೇಜ್ ಇದೆ. ರೆಪೊದ ಸಹಿ ಕೀಲಿ ಸೇರಿಸಲು ಹಳೆಯ ಲೇಖನಗಳಲ್ಲಿ ಕಾಣುವ ‘ಆಪ್ಟ್-ಕೀ’ ಹಾದಿ ಹಿಡಿಯಬೇಡಿ. ಹೊಸ ಡೆಬಿಯನ್‌ನಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ.

ಉಬುಂಟುವಿನಲ್ಲಿ ಇನ್ನೊಂದು ಗೊಂದಲ. 22.04ರಿಂದ ‘ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್’ ಕೊಟ್ಟರೆ ಬರುವುದು ಡೆಬ್ ಅಲ್ಲ, ಸ್ನ್ಯಾಪ್ ಎಂಬ ಬೇರೆ ಬಗೆಯ ಪ್ಯಾಕೇಜ್. ಆಪ್ಟ್‌ನಿಂದ ತೆಗೆದರೂ ಸ್ನ್ಯಾಪ್ ಉಳಿದಿರುತ್ತದೆ. ‘ಸ್ನ್ಯಾಪ್ ಲಿಸ್ಟ್’ ಕೊಟ್ಟು ನೋಡಿ, ‘ಸುಡೊ ಸ್ನ್ಯಾಪ್ ರಿಮೂವ್ ಫೈರ್‌ಫಾಕ್ಸ್’ ಎಂದು ತೆಗೆಯಿರಿ.

ನಡುವೆ ಕೆಟ್ಟರೆ

‘ಕುಡ್ ನಾಟ್ ಗೆಟ್ ಲಾಕ್’ ಎಂದು ಬಂದರೆ ಇನ್ಯಾರೋ ಅದೇ ಕೆಲಸದಲ್ಲಿದ್ದಾರೆ. ಹೆಚ್ಚಾಗಿ ಸಿಸ್ಟಂ ಶುರುವಾದ ಕೂಡಲೇ ಹಿನ್ನೆಲೆಯಲ್ಲಿ ಓಡುವ ‘ಅನಟೆಂಡೆಡ್-ಅಪ್‌ಗ್ರೇಡ್ಸ್’. ಚಹಾ ಕುಡಿದು ಬನ್ನಿ. ಲಾಕ್ ಫೈಲನ್ನು ಅಳಿಸಿ ಎಂದು ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಅಳಿಸಬೇಡಿ. ಎರಡು ಪ್ರೋಗ್ರಾಂಗಳು ಒಂದೇ ಹೊತ್ತಿಗೆ ಪ್ಯಾಕೇಜ್ ದಾಖಲೆ ಬರೆಯದಿರಲಿ ಎಂದೇ ಆ ಲಾಕ್ ಇರುವುದು.

ಹಾಕುವಾಗ ಕರೆಂಟ್ ಹೋಯಿತು, ಬ್ಯಾಟರಿಯೂ ಇರಲಿಲ್ಲ. ಮುಂದಿನ ಸಲ ‘ಡಿಪಿಕೆಜಿ ವಾಸ್ ಇಂಟರಪ್ಟೆಡ್’ ಎಂದು ಬರುತ್ತದೆ. ಮದ್ದನ್ನೂ ಅದೇ ಹೇಳುತ್ತದೆ:

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ

ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಇದು ಮುಗಿಸುತ್ತದೆ. ಇನ್ನೂ ಡಿಪೆಂಡೆನ್ಸಿ ಕಡಿಮೆ ಎಂದರೆ:

ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್

ಇಲ್ಲೂ ಪಟ್ಟಿ ಬರುತ್ತದೆ, ಇಲ್ಲೂ ಓದಬೇಕು. ಸರಿ ಮಾಡಲು ಕೆಲವೊಮ್ಮೆ ಪ್ಯಾಕೇಜ್ ತೆಗೆಯುವುದೇ ದಾರಿ ಎಂದು ಅದು ತೀರ್ಮಾನಿಸುತ್ತದೆ.

ಅಪ್‌ಗ್ರೇಡ್, ತಡೆಹಿಡಿಯುವುದು

‘ಸುಡೊ ಆಪ್ಟ್ ಅಪ್‌ಗ್ರೇಡ್’ ಇದ್ದ ಪ್ಯಾಕೇಜುಗಳನ್ನು ಹೊಸತು ಮಾಡುತ್ತದೆ, ಯಾವುದನ್ನೂ ತೆಗೆಯುವುದಿಲ್ಲ. ‘ಫುಲ್-ಅಪ್‌ಗ್ರೇಡ್’ ಬೇಕಾದರೆ ತೆಗೆಯುತ್ತದೆ. ದಿನನಿತ್ಯಕ್ಕೆ ಮೊದಲನೆಯದೇ ಸಾಕು. ಉಬುಂಟುವಿನಲ್ಲಿ ಕೆಲವು ಪ್ಯಾಕೇಜುಗಳು ‘ಕೆಪ್ಟ್ ಬ್ಯಾಕ್’ ಎಂದು ಹಿಂದೆ ಉಳಿಯುವುದುಂಟು. ಹೊಸ ಆವೃತ್ತಿಯನ್ನು ಎಲ್ಲರಿಗೂ ಒಮ್ಮೆಲೇ ಕೊಡದೆ ಹಂತ ಹಂತವಾಗಿ ಬಿಡುತ್ತಾರೆ. ನಿಮ್ಮ ಸರದಿ ಬಂದಾಗ ತಾನೇ ಬರುತ್ತದೆ.

ಅಪ್‌ಗ್ರೇಡ್ ನಡುವೆ ‘ಕಾನ್ಫಿಗ್ ಫೈಲನ್ನು ನೀವು ತಿದ್ದಿದ್ದೀರಿ, ಏನು ಮಾಡಲಿ’ ಎಂದು ಕೇಳಿದರೆ ಡಿ ಒತ್ತಿ ವ್ಯತ್ಯಾಸ ನೋಡಿ. ನಿಮ್ಮದನ್ನೇ ಉಳಿಸಲು ಎನ್, ಸುಮ್ನೆ ಎಂಟರ್ ಒತ್ತಿದರೂ ಅದೇ. ಹೊಸದು ಪಕ್ಕದಲ್ಲಿ ‘.ಡಿಪಿಕೆಜಿ-ಡಿಸ್ಟ್’ ಎಂಬ ಕೊನೆಯೊಂದಿಗೆ ಉಳಿದಿರುತ್ತದೆ, ಆಮೇಲೆ ಹೋಲಿಸಬಹುದು.

ಒಂದು ಪ್ಯಾಕೇಜ್ ಈಗಿರುವ ಆವೃತ್ತಿಯಲ್ಲೇ ನಿಲ್ಲಬೇಕು ಎಂದರೆ ‘ಸುಡೊ ಆಪ್ಟ್-ಮಾರ್ಕ್ ಹೋಲ್ಡ್’ ಎಂದು ಅದರ ಹೆಸರು ಕೊಡಿ. ಬಿಡಿಸಲು ‘ಅನ್‌ಹೋಲ್ಡ್’. ಹಿಡಿದಿಟ್ಟದ್ದು ಮರೆತುಹೋಗುತ್ತದೆ, ಆಗಾಗ ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಕೊಟ್ಟು ನೋಡಿಕೊಳ್ಳಿ. ಸೆಕ್ಯುರಿಟಿ ಅಪ್‌ಡೇಟೂ ಅದಕ್ಕೆ ಬರುವುದಿಲ್ಲ.

ಬೇಜಾರಾದಾಗ ‘ಆಪ್ಟ್ ಮೂ’ ಕೊಟ್ಟು ನೋಡಿ. ಎಂ, ಎರಡು ಒ. ಅಕ್ಷರಗಳಲ್ಲೇ ಬಿಡಿಸಿದ ಹಸುವೊಂದು ‘ಇವತ್ತು ಅಂಬಾ ಅಂದಿರಾ’ ಎಂದು ಕೇಳುತ್ತದೆ. ಯಾವ ಉಪಯೋಗವೂ ಇಲ್ಲ.

ನಿನ್ನೆ ಏನು ಮಾಡಿದೆ?

ಏನೋ ತೆಗೆದಿರಿ, ಇವತ್ತು ಪ್ರಿಂಟರ್ ಕೆಲಸ ಮಾಡುತ್ತಿಲ್ಲ. ಆಪ್ಟ್ ಎಲ್ಲವನ್ನೂ ಬರೆದಿಟ್ಟಿರುತ್ತದೆ:

ಲೆಸ್ /ವಿಎಆರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್

ಪ್ರತಿ ಸಲಕ್ಕೂ ಒಂದು ಗುಂಪು ಸಾಲು. ಶುರುವಾದ ಹೊತ್ತು, ನೀವು ಕೊಟ್ಟ ಕಮಾಂಡ್, ಕೊಟ್ಟವರ ಅಕೌಂಟ್, ಆಮೇಲೆ ಇನ್‌ಸ್ಟಾಲ್, ಅಪ್‌ಗ್ರೇಡ್, ರಿಮೂವ್, ಪರ್ಜ್ ಆದವುಗಳ ಹೆಸರು. ಕೊನೆಗೆ ಹೋಗಲು ದೊಡ್ಡ ಜಿ, ಹೊರಬರಲು ಕ್ಯೂ. ಹಳೆಯ ತಿಂಗಳುಗಳದ್ದು ಅದೇ ಫೋಲ್ಡರಿನಲ್ಲಿ ‘.ಜಿಝಡ್’ ಫೈಲುಗಳಾಗಿರುತ್ತವೆ, ಅವುಗಳಿಗೆ ಲೆಸ್ ಬದಲು ‘ಝಡ್‌ಲೆಸ್’ ಬಳಸಿ. ‘ರಿಮೂವ್’ ಸಾಲಿನಲ್ಲಿರುವ ಹೆಸರುಗಳನ್ನು ನೋಡಿಕೊಳ್ಳಿ. ಪ್ರತಿ ಹೆಸರಿನ ಮುಂದಿರುವ ಕೋಲನ್, ಆರ್ಕಿಟೆಕ್ಚರ್, ಕಂಸದೊಳಗಿನ ಆವೃತ್ತಿ ಬಿಟ್ಟು ಬರೀ ಹೆಸರುಗಳನ್ನು ‘ಸುಡೊ ಆಪ್ಟ್ ಇನ್‌ಸ್ಟಾಲ್’ ಮುಂದೆ ಒಂದೊಂದು ಜಾಗ ಬಿಟ್ಟು ಬರೆಯಿರಿ. ತಾನಾಗಿ ಬಂದಿದ್ದ ಲೈಬ್ರರಿಗಳ ಹೆಸರು ಕೊಡುವ ಅಗತ್ಯವಿಲ್ಲ. ಕೊಟ್ಟರೆ ಅವಕ್ಕೆಲ್ಲ ಮ್ಯಾನ್ಯುವಲ್ ಗುರುತು ಬಿದ್ದು, ಮುಂದೆ ಆಟೋರಿಮೂವ್ ಅವನ್ನು ಗುಡಿಸುವುದಿಲ್ಲ. ಮುಖ್ಯ ಪ್ಯಾಕೇಜ್ ಹೇಳಿದರೆ ಅವು ಜೊತೆಗೇ ಬರುತ್ತವೆ.